ಸಾಕಮ್ಮನ ಕಾಲಿಗೆ ಲೇಸರ್

ನಮ್ಮ ಕವಲಂದೆಯ ಸಾಕಮ್ಮ ಹುಟ್ಟುವಾಗ ತಲೆಯ ಬದಲು ಕಾಲು ಮುಂದಿಟ್ಟುಕೊಂಡು ಬಂದವಳು. ಹಾಗೆ ಹುಟ್ಟಿದವರು ಬೆನ್ನು ತುಳಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅರವತ್ತೈದು ದಾಟಿದ ಈ ಹೆಂಗಸು ಭಾನುವಾರ ಬೆಳಿಗ್ಗೆ ಜನರನ್ನು ಹೊಸ್ತಿಲ ಮೇಲೆ ಬೋರಲು ಮಲಗಿಸಿ, ಬಲಗಾಲ ಹಿಮ್ಮಡಿಯನ್ನು ಮೂರು ಸಲ ಮೆಲ್ಲಗೆ ಮುಟ್ಟಿಸುತ್ತಾಳೆ. ಎರಡು ವೀಳ್ಯದೆಲೆ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ನಾನು ಅವಳನ್ನು ದೊಡ್ಡವ್ವ ಎನ್ನುತ್ತೇನೆ. ರಕ್ತಸಂಬಂಧವಲ್ಲ, ಬೆನ್ನಿನ ಸಂಬಂಧ. ಹೆಂಡತಿಯ ಮುಂದೆ ಗ್ಯಾಸ್ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತುವ ಚಟ ನನಗಿರುವವರೆಗೂ ಅದು ಕಡಿಯುವುದಿಲ್ಲ.

ಹೋದ ವರ್ಷ ದಸರಾ ಕಳೆದ ಮೇಲೆ ಆ ಹಿಮ್ಮಡಿಗೇ ನೋವು ಬಂತು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಮುಳ್ಳು ಮುರಿದ ಹಾಗೆ.

"ಶಿವಮೂರ್ತಿ, ಬಾಯಿಗೆ ಬೀಗ ಆಕ್ಕೊಂಡು ನನ್ನ ಡಾಕ್ಟ್ರತ್ರ ಕರ್ಕೊಂಡೋಯ್ತೀಯಾ?" ಎಂದಳು.

"ನಂಜನಗೂಡಿಗೇ ಹೋಗೋಣ ಬಾ. ಅಲ್ಲಿ ಲೇಸರ್ ಮಿಷನ್ ಬಂದಿದೆಯಂತೆ."

"ನಂಜನಗೂಡಲ್ಲಿ ಅರ್ಧ ಊರಿನ ಬೆನ್ನು ನನ್ನ ಕಾಲ ಗುರ್ತು ಇಡೀತವೆ. ತುಳಿಯೋಳ ಕಾಲೇ ಕೆಟ್ಟದೆ ಅಂದ್ರೆ ನಾಳಿಕೆ ಯಾವನು ಬಂದು ಮನಿಕತ್ತಾನೆ? ನರಸೀಪುರಕ್ಕೆ ನಡಿ."

ನರಸೀಪುರದಲ್ಲಿ ಫಿಸಿಯೋಥೆರಪಿ ಮಾಡುವ ಭಾನುಪ್ರಿಯಾ ವಯಸ್ಸಿನಲ್ಲಿ ನನ್ನ ಸ್ಕೂಟರಿಗಿಂತ ಸ್ವಲ್ಪವೇ ದೊಡ್ಡವಳು. ದೊಡ್ಡವ್ವನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ, ಹಿಮ್ಮಡಿಗೆ ಪೆನ್ನಿನಂಥದೊಂದನ್ನು ಹಿಡಿದಳು. ಒಂದು ಕೆಂಪು ಚುಕ್ಕೆ ಬಿತ್ತು, ಅಷ್ಟೆ. ಕಾಸಗಲ ಕುಂಕುಮದ ಕೆಳಗೆ ಆ ಕನ್ನಡಕ ಇಟ್ಟುಕೊಂಡು ದೊಡ್ಡವ್ವ ಕುಳಿತಿದ್ದ ಗತ್ತು ನೋಡಿದರೆ ನಾನು ಅವಳ ಡ್ರೈವರ್ ಎನ್ನಬೇಕು.

ಪಕ್ಕದ ಮಂಚದ ಮುದುಕ ಗೊಣಗುತ್ತಿದ್ದ: "ಏನೂ ಗೊತ್ತಾಯ್ತಾನೇ ಇಲ್ಲ ಕಣವ್ವ. ವಸಿ ಬಿಸಿನಾರ ಮಾಡು."

"ಇದು ಕೋಲ್ಡ್ ಲೇಸರ್ ತಾತ, ಬಿಸಿ ಆಗಲ್ಲ, ಸುಡಲ್ಲ. ಬೆಳಕೇ ಒಳಗೆ ಹೋಗಿ ನೋವು, ಊತ ಇಳಿಸುತ್ತೆ. ಕೆಲವರಿಗೆ ಬೇಗ ಹಿಡಿಯುತ್ತೆ, ಕೆಲವರಿಗೆ ನಿಧಾನ."

ದೊಡ್ಡವ್ವ ಮಾತ್ರ ತಲೆದೂಗಿದಳು. "ನಂದೂ ಅಂಗೇ ಕಣವ್ವ. ಮೆಲ್ಲಗೆ ತಾಕ್ಸದು. ಜೋರಾಗಿ ತುಳಿ, ಜೋರಾಗಿ ತುಳಿ ಅಂತ ಬಡ್ಕೊಳೋ ಮುಂಡೇವ್ಕೆ ಏನ್ ಗೊತ್ತು?" ಕಪ್ಪು ಕನ್ನಡಕ ನನ್ನ ಕಡೆಗೇ ತಿರುಗಿತ್ತು.

ಭಾನುಪ್ರಿಯಾ ಕೊನೆಗೆ ಹೇಳಿದಳು: "ಲೇಸರ್ ಒಂದೇ ಸಾಲದು ಅಮ್ಮ. ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. ಆರು ವಾರ ಬರಿಗಾಲಲ್ಲಿ ನಡೀಬೇಡಿ. ತುಳಿಯೋದಂತೂ ಬೇಡವೇ ಬೇಡ."

ಆರು ವಾರ ಬಾಗಿಲು ಹಾಕಿದರೆ ಊರಿಗೆ ಏನು ಹೇಳುವುದು? ಆ ಯೋಚನೆಯಲ್ಲೇ ಇನ್ನೊಂದು ಸಲ ಹೋಗಿಬಂದೆವು. ಮೂರನೆಯ ಸಲ ಕಾಯುವ ಬೆಂಚಿನ ಮೇಲೆ ಸೋಸಲೆಯ ಚಾಮಯ್ಯ ಕುಳಿತಿದ್ದ. ಹಿಂದೊಮ್ಮೆ ಉಳುಕಿಗೆ ತುಳಿಸಿಕೊಂಡು ಹೋಗಿದ್ದವನು. ದೊಡ್ಡವ್ವ ಮುಖಕ್ಕೆ ಸೆರಗು ಎಳೆದುಕೊಂಡಳು, ತಡವಾಗಿತ್ತು.

"ಕವಲಂದೆ ಸಾಕವ್ವ ಅಲ್ವಾ?"

ದೊಡ್ಡವ್ವ ತಾನೇ ಮೊದಲು ಜೋರು ಮಾಡಿದಳು. "ಅಲ್ಲ ಕಣ್ಲಾ ಚಾಮಯ್ಯ, ನಾನು ತುಳಿದ ಬೆನ್ನ ತಂದು ಇಲ್ಲಿ ಯಾರ್ಗೆ ತೋರುಸ್ತಿದ್ದೀಯ?"

"ಬೆನ್ನಲ್ಲ ಕಣವ್ವ, ಮೊಣಕೈ. ಬೆನ್ನು ಕಲ್ಲು ಕಲ್ಲಿದ್ದಂಗದೆ," ಎಂದ ಚಾಮಯ್ಯ, ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು.

ಬಚಾವಾದೆವು ಎನ್ನುವಷ್ಟರಲ್ಲಿ ಒಳಗಿನಿಂದ ಆಯಾ ಕೂಗಿದಳು: "ಸಾಕಮ್ಮ, ಬಲಗಾಲು ಹಿಮ್ಮಡಿ, ಮೂರನೇ ಸಿಟ್ಟಿಂಗ್."

ಚಾಮಯ್ಯನ ಕಣ್ಣು ನಿಧಾನವಾಗಿ ಅವಳ ಕಾಲಿಗೆ ಇಳಿಯಿತು. ಆಮೇಲೆ ಪರದೆಯ ಸಂದಿಯಿಂದ ಆ ಕೆಂಪು ಚುಕ್ಕೆಯನ್ನೂ ನೋಡಿದ.

ವಾಪಸು ಬರುವಾಗ ನಂಜನಗೂಡಿನ ಗೋಪುರ ಕಂಡಾಗ ದೊಡ್ಡವ್ವ ಸ್ಕೂಟರಿನ ಹಿಂದೆ ಕುಳಿತೇ ಕೈಮುಗಿದಳು. ಆಮೇಲೆ ಅಂದಳು: "ಮುಗೀತು ಕಣಪ್ಪ. ನಮ್ಮವ್ವನ ಒಟ್ಟೇಲಿ ತಿರುಗಾಮುರುಗಾ ಬಂದದ್ದೂ ದಂಡವಾಯ್ತು."

ಭಾನುವಾರ ಖಾಲಿ ಅಂಗಳ ನೋಡಿ ಅಳುತ್ತಾಳೇನೋ ಎಂದು ಬಾಳೆಹಣ್ಣು ಹಿಡಿದು ಹೋದೆ. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಸಲೆಯವರು, ತಾಂಡವಪುರದವರು, ನಂಜನಗೂಡಿನವರು, ಎಲ್ಲರೂ ಸೊಂಟ ಹಿಡಿದವರೇ.

"ಸಾಕವ್ವನ ಕಾಲಿಗೆ ಲೇಸರ್ ತುಂಬುಸ್ತಾವ್ರಂತೆ, ಮೊಬೈಲ್‌ಗೆ ಚಾರ್ಜ್ ಆಕ್ದಂಗೆ. ಚಾಮಯ್ಯ ಕಣ್ಣಾರೆ ನೋಡವ್ನೆ," ಎಂದು ಒಬ್ಬಳು ನನಗೇ ತಿಳಿಸಿದಳು. "ಫುಲ್ ಆಯ್ತಾ ಸಾ?"

ಹೆಸರು ಉಳಿದಿತ್ತು. ಈಗ ಹೋಗುವುದು ಹಿಮ್ಮಡಿ. ಅಷ್ಟು ಬೆನ್ನು ತುಳಿದರೆ ದೊಡ್ಡವ್ವ ಮಂಚ ಹಿಡಿಯುವುದು ಖಂಡಿತ. ಅವಳು ಹೊಸ್ತಿಲಲ್ಲಿ ನಿಂತು ಎಲ್ಲರನ್ನೂ ಒಮ್ಮೆ ನೋಡಿದಳು.

"ಇನ್ನೂ ತುಂಬ್ತಾ ಅದೆ. ಆರು ವಾರ ಬೇಕಂತೆ. ಅರೆಬರೆ ತುಂಬಿದ ಕಾಲಿಟ್ರೆ ನಿಮಗೇ ಕೆಟ್ಟದು, ಓಗ್ರಪ್ಪ."

ಭಾನುಪ್ರಿಯಾ ಹೇಳಿದ್ದೂ ಅದನ್ನೇ, ಮಾತು ಬೇರೆ. ಜನ ವಿಧೇಯರಾಗಿ ಎದ್ದುಹೋದರು. ದೊಡ್ಡವ್ವ ಮನೆಯೊಳಗೂ ಚಪ್ಪಲಿ ಹಾಕಿಕೊಂಡು, ಹೇಳಿಕೊಟ್ಟ ವ್ಯಾಯಾಮದಂತೆ ಪಾದದಡಿ ಬಾಟಲಿ ಉರುಳಿಸುತ್ತ ಕುಳಿತಳು. ನಾಲ್ಕನೆಯ ವಾರ ನಾನು ಮತ್ತೆ ಸಿಲಿಂಡರ್ ಎತ್ತಿದೆ.

"ತುಳಿಯಕಿಲ್ಲ. ನರಸೀಪುರಕ್ಕೆ ಓಗು," ಎಂದಳು.

ಹೋದೆ. ಲೇಸರ್ ಕೆಳಗೆ ಬೋರಲು ಮಲಗಿ ಎರಡು ನಿಮಿಷ ತಡೆದುಕೊಂಡು, ಆಮೇಲೆ ಭಾನುಪ್ರಿಯಾಳನ್ನು ಕೇಳಿದೆ: "ಸ್ವಲ್ಪ ಬಿಸಿ ಮಾಡಕ್ಕಾಗಲ್ವಾ?"

ಏಳನೆಯ ಭಾನುವಾರ ದೊಡ್ಡವ್ವ ಮಂಚದಿಂದ ಕಾಲು ಇಳಿಸಿ ನೆಲಕ್ಕೂರಿ, ಸ್ವಲ್ಪ ಹೊತ್ತು ಕಾದಳು. ಮುಳ್ಳು ಮುರಿಯಲಿಲ್ಲ. ಹೊಸ್ತಿಲ ಮೇಲೆ ಮೊದಲು ಮಲಗಿದವನು ಚಾಮಯ್ಯ. ಮೂರು ಸಲ, ಮೆಲ್ಲಗೆ.

"ಎಂಗದೆಲಾ?"

"ಒಳ್ಳೆ ಬಿಸಿ ಕಣವ್ವ. ಲೇಸರ್ ಚೆಂದಾಗಿ ಗೊತ್ತಾಯ್ತದೆ," ಎಂದು ಅವನು ಕೈಯೂರದೆ ಎದ್ದು ನಿಂತ.

ದೊಡ್ಡವ್ವ ವೀಳ್ಯದೆಲೆ ತೆಗೆದುಕೊಂಡು ಕೇಳಿದಳು: "ಮೊಣಕೈ ನೋವು?"

"ಯಾವ ಮೊಣಕೈ ಅವ್ವ?"