ನಗುವಾಗ ಜಾರಿದ ದವಡೆ

ಶಹಾಪುರದ ನನ್ನ ಹಲ್ಲಿನ ದವಾಖಾನೆಗೆ ಶಿರವಾಳದಿಂದ ಅತ್ತೆ-ಸೊಸೆ ಬಂದರು. ಅತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು. ಮುಚ್ಚಲೂ ಆಗದು, ಮಾತೂ ಹೊರಡದು. ಸೊಸೆ ಅಳುತ್ತಿದ್ದಳು.

"ಲಕ್ವಾ ಹೊಡದದ ಅಂತ ಓಣ್ಯಾಗ ಎಲ್ಲಾರೂ ಅನ್ನಾಕತ್ತಾರ್ರಿ. ತಪ್ಪು ನಂದ ಅದರಿ. ನಮ್ಮ ಮಾವ ಧೋತರ ಎತ್ತಿ ಹಿಡದು ಕಾಲುವಿ ದಾಟೋದನ್ನ ಮಾಡಿ ತೋರಸಾಕತ್ತಿದ್ದೆ. ಅತ್ತಿ ನಕ್ಕರು, ಬಾಯಿ ಹಂಗ ನಿಂತಬಿಡ್ತು."

ಅತ್ತೆಗೆ ಕೈಕಾಲು ಆಡಿಸಲು ಹೇಳಿದೆ, ಸರಿಯಾಗಿ ಆಡಿಸಿದರು. ಮುಖ ಓರೆಯಾಗಿರಲಿಲ್ಲ. ಎರಡೂ ಕಿವಿಗಳ ಮುಂದೆ ಬೆರಳಿಟ್ಟರೆ ತಗ್ಗು ಸಿಕ್ಕಿತು.

"ಲಕ್ವಾ ಅಲ್ಲ ಬಿಡವ್ವ, ದವಡಿ ಕೀಲು ಜಾರೇದ," ಎಂದೆ.

ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿ, ಕೆಳಗಿನ ಹಿಂಬದಿ ಹಲ್ಲುಗಳ ಮೇಲಿಟ್ಟು, ಮೆಲ್ಲಗೆ ಕೆಳಗೊತ್ತಿ ಹಿಂದಕ್ಕೆ ತಳ್ಳಿದೆ. ಕೀಲು ಟಕ್ಕನೆ ಕೂತಿತು.

ಅತ್ತೆ ಬಾಯಿ ಮುಚ್ಚಿ ನೋಡಿಕೊಂಡರು. ಆಮೇಲೆ ಸೆರಗಿನಿಂದ ಸೊಸೆಯ ಕಣ್ಣೊರೆಸಿದರು. "ಅಳಬ್ಯಾಡ, ಸುಮ್ನಿರು. ನಿಮ್ಮ ಮಾವ ದಾಟಿದ್ರೋ, ಬಿದ್ರೋ? ಅದನ್ನ ಹೇಳು ಮೊದಲ."

"ಸ್ವಲ್ಪ ದಿನ ಬಾಯಿ ಅಗಲಿಸಿ ನಗಬ್ಯಾಡ್ರಿ," ಎಂದೆ. ಕೇಳುವವರು ಯಾರು? ಸೊಸೆ ಆಗಲೇ ಸೀರೆಯ ನಿರಿಗೆಯನ್ನು ಧೋತರದಂತೆ ಎತ್ತಿ ಹಿಡಿದು ನಿಂತಿದ್ದಳು. ನಾನು ಬೇಗನೆ ಎರಡೂ ಕೈಯಲ್ಲಿ ಅತ್ತೆಯ ಗದ್ದ ಹಿಡಿದುಕೊಂಡೆ. ನನ್ನ ಗದ್ದ ಹಿಡಿಯಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ.