ಗಾಳಿಗೆ ಬೆನ್ನು ಕೊಟ್ಟ ಪುಟ್ಟ ಮನೆ

ಕುವೈತಿನ ಶುವೈಖ್‌ನ ಗ್ಯಾರೇಜುಗಳ ಶಟರ್ ಇನ್ನೂ ಎದ್ದಿಲ್ಲ. ಮರಗೆಲಸದ ಶೆಡ್ಡೊಂದರ ಮೂಲೆಯಲ್ಲಿ ಯಶೋಧರ ಸಾಬೂನು ನೀರಿಗೆ ಬ್ರಷ್ ಅದ್ದಿ, ಮೇಜಿನ ಮೇಲಿರುವ ಮನೆಯೊಂದಕ್ಕೆ ಸ್ನಾನ ಮಾಡಿಸಲು ಸಿದ್ಧರಾಗುತ್ತಿದ್ದಾರೆ. ಮನೆ ಎಂದರೆ ಒಂದು ಮೊರದಷ್ಟು ಅಗಲ. ಗೋಡೆ ಬಣ್ಣ ಬಳಿದ ರಟ್ಟಿನದು, ಬಾಗಿಲು ತೆಳು ಹಲಗೆಯದು, ಸುತ್ತಲಿನ ಖರ್ಜೂರದ ಮರಗಳ ಗರಿ ಹಳೆಯ ಟೂತ್‌ಬ್ರಷ್ಷಿನದು.

ಇವತ್ತು ಈ ಪುಟ್ಟ ಮಾದರಿ ಮನೆಗೆ ಪರೀಕ್ಷೆ. ವಫ್ರಾದ ತೋಟದ ಬಯಲಿನಲ್ಲಿ ಹೊಸ ಮನೆಗೆ ಸುಲಭವಾಗಿ ಅನುಮತಿ ಇಲ್ಲ. ಬೇರೆಲ್ಲೂ ಕಾಣದ, ಆ ನೆಲಕ್ಕೇ ಹೇಳಿ ಮಾಡಿಸಿದ ವಿನ್ಯಾಸವಾದರೆ ಮಾತ್ರ ಅನುಮತಿ ಕೊಡುವ ಸಮಿತಿಯವರು ಹೂಂ ಎನ್ನುತ್ತಾರೆ. ಹಿಂದಿನ ವರ್ಷ ಉಹೂಂ ಎಂದಿದ್ದರು. ಇನ್ನೊಂದೇ ಅವಕಾಶವೆಂದೂ ಹೇಳಿದ್ದರು. ತೋಟದ ಯಜಮಾನ ಅಬು ಖಾಲಿದ್‌ಗೆ ವಯಸ್ಸಾಗಿದೆ. ಕೊನೆಗಾಲವನ್ನು ತಾವೇ ನೆಟ್ಟ ಮರಗಳ ನಡುವೆ ಕಳೆಯುವುದೊಂದೇ ಅವರ ಆಸೆ.

ಆ ಉಹೂಂಗೆ ಕಾರಣ ಯಾರೆಂದು ಕೇಳಿದರೆ ಯಶೋಧರ ತಮ್ಮ ಎದೆಯನ್ನೇ ಮುಟ್ಟಿ ತೋರಿಸುತ್ತಾರೆ.

ಕಾಪು ಕಡೆಯವರು. ನೆರೆಮನೆಯ ರುಡಾಲ್ಫ್ ಮೇಸ್ತ್ರಿ ಕ್ರಿಸ್ಮಸ್ಸಿಗೆ ಬಾಲಯೇಸುವಿನ ಗೋದಲಿ ಕಟ್ಟುವಾಗ ದನದ ಹಟ್ಟಿ ಮಾಡಿಕೊಡುತ್ತಿದ್ದ ಕೈ ಇವರದು. ಕುವೈತಿಗೆ ಬಡಗಿಯಾಗಿ ಬಂದವರು ಎಂಜಿನಿಯರುಗಳ ನಕ್ಷೆಗೆ ಮಾದರಿ ಮಾಡುವವರಾದರು. ಅಬ್ಬಾಸಿಯಾದ ಕೋಣೆಯಲ್ಲಿ ಅವರ ಪಾಲಿಗೆ ಇರುವುದು ಒಂದು ಮಂಚ, ಅದರಡಿಯ ಒಂದು ಪೆಟ್ಟಿಗೆ. ಕೈಯಲ್ಲಿ ಎದ್ದ ಬಂಗಲೆಗಳಿಗೆ ಮಾತ್ರ ಲೆಕ್ಕವಿಲ್ಲ.

ಮೈಸೂರಿನ ಎಂಜಿನಿಯರ್ ಲಕ್ಷ್ಮೀನರಸಿಂಹ ನಕ್ಷೆ ಬರೆದ ಈ ಮನೆಯ ವಿಶೇಷವೇ ಅದು ನಿಂತ ಭಂಗಿ. ಬಡಗು ದಿಕ್ಕಿನಿಂದ ಬರುವ ಮರಳುಗಾಳಿಗೆ ಕಿಟಕಿಯಿಲ್ಲದ ಬಾಗಿದ ಬೆನ್ನು. ಬಾಗಿಲು, ಅಂಗಳ ಎರಡೂ ತೆಂಕಿಗೆ. ತೆಂಕು ಎಂದರೆ ಯಮನ ದಿಕ್ಕು. ಊರಿನಲ್ಲಿ ಆ ಕಡೆಗೆ ಹೆಬ್ಬಾಗಿಲು ಇಡುವವರುಂಟೇ? ಮನೆಯನ್ನು ಹಲಗೆಗೆ ಅಂಟಿಸುವ ಹೊತ್ತಿಗೆ ಯಶೋಧರರ ಕೈ ತಾನಾಗಿ ಅದನ್ನು ಪೂರ್ತಿ ತಿರುಗಿಸಿಬಿಟ್ಟಿತು. ಮರಳಿಗೆ ಬಾಯಿ ತೆರೆದು ಕೂತ ಮನೆಯಲ್ಲಿ ವಿಶೇಷವೇನಿದೆ ಎಂದು ಸಮಿತಿಯವರು ಎದ್ದುಹೋದರು.

"ನಾನು ಬೇಕೂಂತ ಮಾಡಿದ್ದಲ್ಲ ಮಾರಾಯ್ರೆ," ಎನ್ನುತ್ತಾರೆ. "ಮನೆ ಸಣ್ಣದಾದ್ರೂ ಮನೆಯೇ ಅಲ್ವಾ? ಕೈ ಕೇಳ್ಲಿಲ್ಲ."

ತಪ್ಪು ತಿಳಿದೊಡನೆ ಮನೆಯನ್ನು ಕಿತ್ತು, ಸರಿಯಾಗಿ ತಿರುಗಿಸಿ ಅಂಟಿಸಿ, ಬೆನ್ನು ಬಡಗಣ ಕಿಟಕಿಯತ್ತ ಇರುವಂತೆ ಒಣಗಲಿಟ್ಟರು. ಅದು ತೊಂಬತ್ತರ ಆಗಸ್ಟ್ ಒಂದರ ಸಂಜೆ. ಬೆಳಗಾದರೆ ಊರ ತುಂಬ ಇರಾಕಿನ ಟ್ಯಾಂಕುಗಳು. ಆಮೇಲೆ ಬಸ್ಸು, ಬಾಗ್ದಾದ್, ಅಮ್ಮಾನಿನ ಡೇರೆ, ಬೊಂಬಾಯಿಯ ವಿಮಾನ. ಉಟ್ಟ ಬಟ್ಟೆಯಲ್ಲಿ ಮನೆ ಸೇರಿದ ಗಂಡನನ್ನು ಕಂಡು ಹೆಂಡತಿ ವಾರಿಜಾ ಅತ್ತರೆ, ಈ ಪುಣ್ಯಾತ್ಮನಿಗೆ ಅಂಟು ಒಣಗಿತೋ ಇಲ್ಲವೋ ಎಂಬ ಚಿಂತೆ.

ಯುದ್ಧ ಮುಗಿದು, ಉರಿಯುವ ಎಣ್ಣೆಬಾವಿಗಳು ಆರಿದ ಮೇಲೆ ಮೊನ್ನೆ ಮೊನ್ನೆ ಮರಳಿದ್ದಾರೆ. ಶೆಡ್ಡಿನ ಯಂತ್ರಗಳನ್ನು ಯಾರೋ ಹೊತ್ತೊಯ್ದಿದ್ದರು. ಗಾಜೊಡೆದ ಕಿಟಕಿಯೆದುರು ಮನೆ ಮಾತ್ರ ಇಟ್ಟಲ್ಲೇ ಇತ್ತು, ಆ ಎಣ್ಣೆಬಾವಿಗಳ ಹೊಗೆಯ ಮಸಿ ಮೆತ್ತಿಕೊಂಡು. ಅದನ್ನು ಕಂಡು ಅವರಿಗೆ ಅಳು ಬಂತಂತೆ. ಮಸಿ ಬಳಿದ ಮನೆಯನ್ನು ದೊಡ್ಡವರೆದುರು ಇಡುವುದು ಹೇಗೆ? ಅದಕ್ಕೇ ಈ ಬೆಳಗಿನ ಸಾಬೂನು ನೀರು.

ಬ್ರಷ್ ಗೋಡೆಗೆ ತಾಗಬೇಕು ಎನ್ನುವಷ್ಟರಲ್ಲಿ ಒಳಗೆ ಬಂದ ಲಕ್ಷ್ಮೀನರಸಿಂಹ ಯಶೋಧರರ ಕೈ ಹಿಡಿಯುತ್ತಾರೆ.

"ಒರೆಸ್ಬೇಡಿ ಯಶೋಧರ. ಅಂಗಳ ನೋಡಿ."

ಬೆನ್ನಿನ ಗೋಡೆ ಕರ್ರಗಿದೆ. ಚಾವಣಿಯ ಮೇಲೆ ಮರಳು, ಮಸಿ ಎರಡೂ ಕೂತಿವೆ. ಗೋಡೆಯ ಮರೆಯ ಅಂಗಳ ಮಾತ್ರ ಅಂದು ಬಿಟ್ಟುಹೋದಷ್ಟೇ ಬೆಳ್ಳಗಿದೆ. ಬ್ರಷ್ಷಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ.

ಮನೆಯನ್ನು ತೊಳೆಯದೆ ಹಾಗೇ ಒಯ್ಯುತ್ತಾರೆ. ಸಮಿತಿಯ ಹಿರಿಯರೊಬ್ಬರು ಕರಿ ಗೋಡೆಯ ಮೇಲೆ ಬೆರಳಾಡಿಸಿ, ಅದೇ ಬೆರಳನ್ನು ದಿಟ್ಟಿಸುತ್ತಾರೆ. ಆ ಹೊಗೆಯನ್ನು ಕುಡಿಯದವರು ಅಲ್ಲಿ ಯಾರಿದ್ದಾರೆ? ಆಮೇಲೆ ಬೆಳ್ಳಗಿನ ಅಂಗಳಕ್ಕೆ ಬಗ್ಗಿ ನೋಡುತ್ತಾರೆ. ಒಪ್ಪಿಗೆಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹೊರಗೆ ಕಾಯುತ್ತಿದ್ದ ಅಬು ಖಾಲಿದ್ ಬಡಗಿಯ ಹಣೆಗೆ ಮುತ್ತಿಡುತ್ತಾರೆ. ಬಡಗಿಗೆ ಎಲ್ಲಿ ನೋಡುವುದೆಂದೇ ತೋಚುವುದಿಲ್ಲ.

ವಫ್ರಾದ ನೆಲದಲ್ಲಿ ಹೂತ ಬಾಂಬುಗಳನ್ನು ತೆಗೆದು ಮುಗಿಯುವವರೆಗೆ ಅಡಿಪಾಯ ತೋಡುವಂತಿಲ್ಲ. ಯಶೋಧರ ಕಾಯುತ್ತಾರಂತೆ. ತಾವು ಮಾದರಿ ಮಾಡಿದ ಒಂದು ಮನೆಯೊಳಗೂ ಅವರು ಈವರೆಗೆ ಕಾಲಿಟ್ಟದ್ದಿಲ್ಲ. ಇದೊಂದಕ್ಕೆ ಹೋಗಲೇಬೇಕು, ಅದೂ ಗಾಳಿ ಜೋರಾಗಿ ಬೀಸುವ ದಿನವೇ ಎನ್ನುತ್ತಾರೆ.

"ಆ ಅಂಗಳದಲ್ಲಿ ಕೂತು ಒಂದು ಚಾ ಕುಡೀಬೇಕು, ಅಷ್ಟೇ. ಚಾಕ್ಕೆ ಮರಳು ಬಿದ್ರೆ, ಆ ತಪ್ಪೂ ನಂದೇ."