ಕಾಕು ಕಾಸಿದ ಬೆಣ್ಣೆ

ಆಗಿನ್ನೂ ಮಿರಜದ ನಮ್ಮ ಓಣಿಯವರಿಗೆ ಕೇಕ್ ಎಂದರೆ ಬೇಕರಿಯ ಗಾಜಿನ ಕಪಾಟಿನಲ್ಲಿ ನೋಡಿ ಬರುವ ವಸ್ತು. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿದ್ದ ಕಾಕಾನ ಸಣ್ಣ ಕಾರಖಾನೆಗೆ ಪರದೇಶದ ಗಿರಾಕಿಗಳು ಬರತೊಡಗಿದ ವರ್ಷ, ನಮ್ಮ ಮನೆಗೆ ದುಂಡನೆಯ ಅಲ್ಯೂಮಿನಿಯಂ ಓವನ್ ಬಂತು. ಪುಣೆಯಲ್ಲಿ ಬೆಳೆದ ಕಾಕು, ಅಂದರೆ ಕಾಕಾನ ಹೆಂಡತಿ, ಅದರಲ್ಲಿ ಆ ಗಿರಾಕಿಗಳಿಗೆಂದು ಚಹದ ಜೊತೆ ತಿನ್ನುವ ಪುಟ್ಟ ಫ್ರೆಂಚ್ ಕೇಕು ಮಾಡುತ್ತಿದ್ದಳು.

ಬಾದಾಮಿ ಪುಡಿ, ಸಕ್ಕರೆ, ಮೈದಾ, ಕಂದುಬಣ್ಣ ಬರುವವರೆಗೆ ಕಾಸಿದ ಬೆಣ್ಣೆ. ಆ ವಾಸನೆಗೆ ನಾನು ಶಾಲೆಯ ಅಭ್ಯಾಸ ಬಿಟ್ಟು ಓಡುತ್ತಿದ್ದೆ. ನಾವೆಲ್ಲ ಆಯಿ ಎನ್ನುತ್ತಿದ್ದ ಅಜ್ಜಿ ಮಾತ್ರ ಒಳಗಿಂದ ಕೂಗುತ್ತಿದ್ದಳು, “ತುಪ್ಪ ಹೊತ್ತೇತಿ, ಇಳಸವಾ!”

“ಹೊತ್ತಿಲ್ರಿ ಆಯಿ, ಇದಕ್ಕ ಹಿಂಗ ಬೇಕ್ರಿ,” ಎಂದು ಕಾಕು ನಗುತ್ತಿದ್ದಳು.

ಗಿರಾಕಿಗಳ ಕೇಕಿಗೆ ಮೊಟ್ಟೆಯ ಬಿಳಿ ಬೀಳುತ್ತಿತ್ತು. ನಮ್ಮದು ಜೈನರ ಮನೆ. ಆಯಿ ನೆಲದೊಳಗೆ ಬೆಳೆಯುತ್ತದೆಂದು ಗಜ್ಜರಿಯನ್ನೂ ಮುಟ್ಟದವಳು. ಮೊಟ್ಟೆ ಒಳಮನೆಯ ಹೊಸ್ತಿಲು ದಾಟಕೂಡದೆಂಬ ಕರಾರಿನ ಮೇಲೆ ಹಿತ್ತಲ ಖೋಲಿಯಲ್ಲಿ ಮಾಡಲು ಒಪ್ಪಿದ್ದಳು. ಮನೆಯವರಿಗೆ ಮೊಸರು ಹಾಕಿದ ಬೇರೆ ಕೇಕು, ಬೇರೆ ಡಬ್ಬಿ.

ಒಂದು ಮಧ್ಯಾಹ್ನ ಮೊಸರಿನ ಆರೂ ಕೇಕನ್ನು ನಾನೊಬ್ಬಳೇ ಮುಗಿಸಿದೆ. ಬೈಗುಳ ತಪ್ಪಿಸಿಕೊಳ್ಳಲು ಗಿರಾಕಿಗಳ ಡಬ್ಬಿಯಿಂದ ಆರು ತೆಗೆದು ತುಂಬಿದೆ. ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಕಾಣದ ಮೊಟ್ಟೆಯಿಂದ ಏನಾದೀತು ಅಂದುಕೊಂಡೆ, ಅಷ್ಟೆ.

ಸಂಜೆ ಆಯಿ ಒಂದು ತಿಂದು, “ಇವತ್ತ ಭಾಳ ಚಂದ ಆಗ್ಯಾವಲ್ಲಾ,” ಎಂದು ಇನ್ನೊಂದನ್ನು ಮುರಿದಳು. ಅದರ ತಿರುಳು ಮೊಸರಿನ ಕೇಕಿನದಲ್ಲವೆಂದು ಕಂಡ ಕಾಕುವಿನ ಮುಖ ಬಿಳಿಚಿತು. ನನ್ನತ್ತ ನೋಡಿದಳು. ನಾನು ಕತ್ತು ಕೆಳಗೆ ಹಾಕಿದೆ.

“ಬ್ಯಾಡ್ರಿ ಆಯಿ. ಡಬ್ಬಿ ಅದಲಬದಲ ಆಗ್ಯಾವ್ರಿ. ನನ್ನ ಕೈಲೆ ತಪ್ಪಾತ್ರಿ.”

ಆಯಿ ಬೈಯಲಿಲ್ಲ. ಮೂರು ದಿನ ಉಪವಾಸ ಕೂತಳು. ಕಾಕುವಿನ ಕೈಯ ರೊಟ್ಟಿಯೇ ಬೇಕೆಂದು ಹಟ ಹಿಡಿಯುತ್ತಿದ್ದವಳು ಆಮೇಲೆ ಆ ಕೈಯಿಂದ ಏನನ್ನೂ ತಿನ್ನಲಿಲ್ಲ. ಓವನ್ ಅಟ್ಟ ಸೇರಿತು. ನಾನು ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಕಾಕು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅತ್ತು ಹಗುರಾಗುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಆಯಿ ಹಾಸಿಗೆ ಹಿಡಿದಳು. ಕಾಕು ಹಾಲಿನ ಚಮಚ ಮುಂದೆ ಹಿಡಿದರೆ ತುಟಿ ಬಿಗಿದುಕೊಂಡಳು. ಕಾಕು ಚಮಚವನ್ನು ನನಗೆ ಕೊಟ್ಟಳು.

“ನೀ ಕುಡಸವಾ. ನಿನ್ನ ಕೈಲೆ ಕುಡಿತಾರ.”

ಆಯಿ ಕುಡಿದಳು.

ಈಗ ಆ ಓಣಿಯಲ್ಲೇ ಮೂರು ಕೇಕಿನ ಅಂಗಡಿಗಳು. ಹಿತ್ತಲ ಖೋಲಿ ಕೆಡವಿ ಯಾರೋ ಗಾಡಿ ನಿಲ್ಲಿಸುತ್ತಾರೆ. ಮೊದಲು ಆಯಿ ಹೋದಳು, ಹೋದ ವರ್ಷ ಕಾಕುವೂ. ಹೇಳುವ ಧೈರ್ಯ ನನಗೆ ಈಗ ಬಂದಿದೆ. ಕೇಳಬೇಕಾದ ಇಬ್ಬರೂ ಇಲ್ಲ.